ಮರದ ಮೈಯೂ ಪ್ಲಾಸ್ಮವೂ

ಹೊಸದಾಗಿ ಕೀಸಿದ ತೇಗದ ಹಲಗೆಯ ಮೇಲೆ ಒಂದು ಹನಿ ನೀರನ್ನಿಟ್ಟರೆ ಅದು ಬೇಗನೆ ಹರಡಿಕೊಳ್ಳುತ್ತದೆ. ಕೀಸಿ ಹಲವು ತಿಂಗಳಾದ ಹಲಗೆಯ ಮೇಲಾದರೋ ಅದೇ ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಲ್ಲಲು ಹವಣಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಿ ನೋಡಬಹುದು. ಮರದೊಳಗಿನ ಎಣ್ಣೆ, ಮೇಣ, ರಾಳಗಳ ಅಂಶವು ಕಾಲಕ್ರಮದಲ್ಲಿ ಮೇಲ್ಮೈಗೆ ಒಸರಿ ಬರುವುದೇ ಇದಕ್ಕೆ ಮುಖ್ಯ ಕಾರಣ. ನೀರು ಹರಡದೆಡೆ ನೀರು ಬೆರೆತ ಅಂಟೂ ಹರಡದು, ಹರಡದ ಅಂಟು ಹಿಡಿಯದು. ಮೇಜಿನ ಸಂದು ಬಿಚ್ಚಿದಾಗಲೂ ಮೆರುಗೆಣ್ಣೆ ಹೊಪ್ಪಳಿಕೆಯೆದ್ದಾಗಲೂ ನಾವು ಅಂಟನ್ನೋ ಬಡಗಿಯನ್ನೋ ದೂರುವುದು ವಾಡಿಕೆ. ದೋಷವು ಅನೇಕ ವೇಳೆ ಮರದ ಹೊರದೊಗಲಿನಲ್ಲಿರುತ್ತದೆ.

ಈ ದೊಗಲನ್ನು ಮಾತ್ರ ಮಾರ್ಪಡಿಸುವ ನವೀನ ಸಾಧನವೇ ಪ್ಲಾಸ್ಮ. ಅನಿಲದ ಕಣಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು ವಿದ್ಯುದಾವೇಶವುಳ್ಳ ಕಣಗಳ ಮಿಶ್ರಣವಾದಾಗ ಅದಕ್ಕೆ ಈ ಹೆಸರು. 1928ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟದ್ದು. ಮಿಂಚೂ ಪ್ಲಾಸ್ಮವೇ. ಸಿಡಿಲೆರಗಿ ಸೀಳಿದ ತೆಂಗನ್ನು ಕಂಡ ನಮಗೆ, ಮಿಂಚಿನಿಂದ ಮರಕ್ಕೆ ಉಪಕಾರವೆಂಬ ಮಾತು ವಿಪರೀತವೆನಿಸೀತು. ಆದರೆ 1857ರಲ್ಲಿಯೇ ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್, ಓಜೋನ್ ತಯಾರಿಕೆಗಾಗಿ, ವಿದ್ಯುದಗ್ರಗಳ ನಡುವೆ ಗಾಜನ್ನು ತಡೆಯಾಗಿರಿಸುವ ಉಪಾಯವನ್ನು ಕಂಡುಹಿಡಿದಿದ್ದರು. ಅಲ್ಲಿ ಒಂದು ದೊಡ್ಡ ಕಿಡಿಗೆ ಬದಲಾಗಿ ಅಸಂಖ್ಯಾತ ಕ್ಷಣಿಕ ಕಿರುಕಿಡಿಗಳು ಹುಟ್ಟುತ್ತವೆ; ಎಲೆಕ್ಟ್ರಾನುಗಳು ಅತಿ ವೇಗದಲ್ಲಿದ್ದರೂ ಗಾಳಿ ಅಷ್ಟೇನೂ ಕಾಯದು, ಮರ ಕರಕಾಗದು. ಇದೇ ತತ್ತ್ವವನ್ನು ಮರಕ್ಕೆ ಅನ್ವಯಿಸುವ ಸಂಶೋಧನೆ ಜರ್ಮನಿಯ ಗ್ಯೊಟಿಂಗೆನ್ ನಗರದಲ್ಲಿ ವಿಶೇಷವಾಗಿ ನಡೆದಿದೆ.

ಕೆಲವು ಮಿಲಿಮೀಟರುಗಳ ಎಡೆಯಲ್ಲಿ ಸಾವಿರಾರು ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು ಹಾಯಿಸಿದಾಗ, ಗಾಳಿಯ ಆಮ್ಲಜನಕವು ಒಡೆದು ಮರದ ಮೈಗೆ ತಾಕುತ್ತದೆ. ಎಣ್ಣೆಜಿಡ್ಡಿನ ಅಣುಗಳು ಮುರಿದು, ನೀರನ್ನು ಒಲಿಸಿಕೊಳ್ಳುವ ಆಮ್ಲಜನಕಯುಕ್ತ ಗುಂಪುಗಳು ಅಲ್ಲಿ ನೆಲೆಗೊಳ್ಳುತ್ತವೆ. ಕೆಲವು ಸೆಕೆಂಡುಗಳಲ್ಲಿಯೇ ಗುಂಡಾಗಿದ್ದ ಹನಿ ಚಪ್ಪಟೆಯಾಗುತ್ತದೆ. ಮಾರ್ಪಾಡು ನಡೆಯುವುದು ಅತ್ಯಂತ ತೆಳುವಾದ ಮೇಲ್ಪದರದಲ್ಲಿ ಮಾತ್ರ. ಮರದ ಒಳಬಲವು ಇದ್ದಂತೆಯೇ ಇರುತ್ತದೆ. ಸಿಲಿಕಾನ್ ಉಳ್ಳ ಕೆಲವು ಆವಿಗಳನ್ನು ಸೇರಿಸಿದರೆ ಇದಕ್ಕೆ ವಿರುದ್ಧವಾಗಿ ನೀರನ್ನು ದೂಡುವ ತೆಳುಪೊರೆಯನ್ನೂ ಬೆಳೆಸಬಹುದು.

ಆದರೆ ಈ ಗುಣ ಶಾಶ್ವತವಲ್ಲ. ದಿನಗಳೋ ವಾರಗಳೋ ಕಳೆದಂತೆ ಅದು ಕುಂದುವುದರಿಂದ ಅಂಟನ್ನು ಕೂಡಲೇ ಹಚ್ಚಬೇಕು. ಅಂಟು ಹಾಕುವ ಮುನ್ನ ಇನ್ನೊಮ್ಮೆ ಕೀಸುಳಿ ಹಾಯಿಸುವ ನಮ್ಮ ಬಡಗಿಯೂ ಹೊಸ ಮೈಯನ್ನೇ ತೆರೆಯುತ್ತಾನೆ. ಕೀಸಲು ಸಾಧ್ಯವಿರುವಲ್ಲಿ ಇಷ್ಟು ವೆಚ್ಚದ ಯಂತ್ರ ಅನಾವಶ್ಯಕವೆಂದೇ ನಮ್ಮ ಮತ. ಪ್ಲೈವುಡ್ಡಿನ ತೆಳುಹಾಳೆಗಳ ಸಂಗತಿ ಬೇರೆ. ಬಿಸಿಗಾಳಿಯಲ್ಲಿ ಒಣಗಿಸಿದಾಗ ಅವುಗಳ ಮೈ ಅಂಟನ್ನು ಒಲ್ಲದಂತಾಗುವುದುಂಟು. ಅವನ್ನು ಮತ್ತೆ ಕೀಸಹೊರಟರೆ ಹಾಳೆಯೇ ಉಳಿಯದು. ಪ್ಲಾಸ್ಮದ ನಿಜವಾದ ಎಡೆ ಅಂಥ ಕಾರ್ಖಾನೆಗಳು, ಅದೂ ಹುಟ್ಟುವ ಓಜೋನನ್ನು ಕೆಲಸಗಾರರ ಉಸಿರಿಗೆ ಸೇರದಂತೆ ಹೊರಸೆಳೆಯುವ ಏರ್ಪಾಡಿರುವಲ್ಲಿ.