ಬುತ್ತಿ, ಮುಳ್ಳು, ದೀಪ: ಗೇಣುದ್ದದ ಶಾರ್ಕಿನ ಬಸಿರು

ಶಾರ್ಕ್ ಎಂದರೆ ದೋಣಿ ಮಗುಚುವ ದೈತ್ಯ ಅಂದುಕೊಂಡಿದ್ದೀರಾ? ಹಾಗಾದರೆ ಅಂಗೈ ಅಗಲಿಸಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು. ಅಷ್ಟರಲ್ಲೇ ಮುಗಿದುಹೋಗುತ್ತದೆ ಈ ಶಾರ್ಕ್!

ಹೆಸರು ಎಟ್ಮಾಪ್ಟೆರಸ್ ಪೆರಿಯೈ. ಕುಳ್ಳ ಕಂದೀಲು ಶಾರ್ಕ್ ಎನ್ನೋಣ. ಕೊಲಂಬಿಯಾ, ವೆನೆಜುವೆಲಾ ತೀರದಾಚೆ, ಕೆರಿಬಿಯನ್ ಕಡಲಿನ ಸುಮಾರು 280ರಿಂದ 440 ಮೀಟರ್ ಆಳದಲ್ಲಿ ಇದರ ವಾಸ. 1985ರಲ್ಲಿ ಸ್ಟೀವರ್ಟ್ ಸ್ಪ್ರಿಂಗರ್ ಮತ್ತು ಜಾರ್ಜ್ ಬರ್ಜೆಸ್ ಇದನ್ನು ಮೊದಲ ಬಾರಿಗೆ ವಿವರಿಸಿದರು. ಬರೀ 15.5 ಸೆಂ.ಮೀ. ಬೆಳೆಯುವಷ್ಟರಲ್ಲಿ ಹೆಣ್ಣು ಪ್ರಾಯಕ್ಕೆ ಬಂದಿರುತ್ತದೆ!

ಇನ್ನು ಬಸಿರಿನ ಕಥೆ ಕೇಳಿ. ಸಾಮಾನ್ಯ ಮೀನುಗಳು ಸಾವಿರಗಟ್ಟಲೆ ಮೊಟ್ಟೆ ಚೆಲ್ಲಿ ಹೋಗುತ್ತವೆ. ಈ ತಾಯಿ ಮೊಟ್ಟೆಯನ್ನು ಒಡಲಲ್ಲೇ ಇಟ್ಟುಕೊಳ್ಳುತ್ತಾಳೆ. ಮರಿಗೆ ಹೊಕ್ಕುಳಬಳ್ಳಿಯ ಊಟವಿಲ್ಲ. ಹೊಟ್ಟೆಗಂಟಿದ, ಮೊಟ್ಟೆಯ ಹಳದಿ ಭಂಡಾರದ ಚೀಲವೇ ಅದರ ಬುತ್ತಿ. ಬುತ್ತಿ ಕರಗಿದಂತೆ ಮರಿ ಬೆಳೆಯುತ್ತದೆ. ಹುಟ್ಟುವುದು ಎರಡೋ ಮೂರೋ ಮರಿ, ಒಂದೊಂದೂ ಕಿರುಬೆರಳಿನಷ್ಟು!

ಬೆನ್ನಿನ ಎರಡು ಈಜುರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಈ ಬಳಗದ ಶಾರ್ಕ್‌ಗಳಲ್ಲಿ ಮುಳ್ಳೇ ಜಾತಕ! ಅಡ್ಡಲಾಗಿ ಕೊಯ್ದರೆ, ಮರದ ಕಾಂಡದಲ್ಲಿರುವಂತೆ ಬಳೆಬಳೆ ಗುರುತುಗಳು. ದೂರದ ನೆಂಟ, ಎಲೆಹುರುಪೆಯ ಗಲ್ಪರ್ ಶಾರ್ಕಿನ ಮುಳ್ಳಿನಲ್ಲಿ ಎಣಿಸಿದಾಗ ಸಿಕ್ಕ ವಯಸ್ಸು 70 ವರ್ಷ! ಆಳದ ತಣ್ಣೀರಿನಲ್ಲಿ ಬದುಕಿಗೆ ಅವಸರವೇ ಇಲ್ಲ.

ಇಷ್ಟಕ್ಕೇ ಬೆರಗಾದಿರಾ? ಬೆಳಕು ಇನ್ನೂ ಬಾಕಿ ಇದೆ. ಈಶಾನ್ಯ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ನಿನಲ್ಲಿದೆ ನಮ್ಮ ಕುಳ್ಳ ಕಂದೀಲು ಶಾರ್ಕಿನ ಸೋದರಜಾತಿ, ಮಖಮಲ್ಲು ಹೊಟ್ಟೆಯ ಕಂದೀಲು ಶಾರ್ಕ್. ಇದರ ಮರಿಗಳ ಚರ್ಮದಲ್ಲಿ ಬಸಿರಿನಲ್ಲೇ ಬೆಳಕಿನ ಅಂಗಗಳು ಮೂಡುತ್ತವೆ! ಅವುಗಳ ಸ್ವಿಚ್ಚು ಹಾರ್ಮೋನುಗಳ ಕೈಯಲ್ಲಿದೆ ಎಂದು 2009ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳಾದ ಜೂಲಿಯನ್ ಕ್ಲೇಸ್ ಮತ್ತು ಜೆರೋಮ್ ಮಲ್ಲೆಫೆ ತೋರಿಸಿದರು. ದೀಪ ಹಚ್ಚುವುದು ಯಾವುದು ಗೊತ್ತೇ? ನಮಗೆ ರಾತ್ರಿಯಾಯಿತೆಂದು ಸಾರುವ ಮೆಲಟೋನಿನ್, ತಾಯಂದಿರ ಎದೆಯಲ್ಲಿ ಹಾಲು ಊರಿಸುವ ಪ್ರೊಲ್ಯಾಕ್ಟಿನ್!

ಬೆಳಕು ಯಾಕೆ? ಅಡಗಲು! ಮೇಲಿನಿಂದ ಸೋಸಿ ಬರುವ ಮಂದ ನೀಲಿಯಲ್ಲಿ ಹೊಟ್ಟೆಯ ನೀಲಿ ಬೆರೆತರೆ, ಕೆಳಗಿನಿಂದ ಕಣ್ಣಿಟ್ಟ ಬೇಟೆಗಾರನಿಗೆ ನೆರಳೇ ಕಾಣದು.

ಹೆತ್ತ ಮೇಲೆ ತಾಯಿ ತಿರುಗಿ ನೋಡುವುದಿಲ್ಲ. ನೋಡಬೇಕಾದರೂ ಏಕೆ? ಬುತ್ತಿ ಉಣಿಸಿಯಾಗಿದೆ, ಬೆನ್ನಿಗೆ ಮುಳ್ಳು ಕೊಟ್ಟಾಗಿದೆ, ಹೊಟ್ಟೆಗೆ ದೀಪವಿಟ್ಟಾಗಿದೆ. ಬೆರಳುದ್ದದ ಮರಿ ಕತ್ತಲಿಗೆ ಇಳಿಯುತ್ತದೆ, ತನ್ನ ಬೆಳಕಿನಲ್ಲೇ ಮರೆಯಾಗುತ್ತದೆ.