ಲ್ಯಾಬ್ ರಿಪೋರ್ಟಿನಲ್ಲಿ ‘ಕಲ್ಚರ್’ ಅಂದರೇನು?

ಮೂತ್ರದ ಸೋಂಕಿನ ಶಂಕೆ ಇದ್ದರೆ ವೈದ್ಯರು ‘ಯೂರಿನ್ ಕಲ್ಚರ್’ ಬರೆದು ಕೊಡುತ್ತಾರೆ. ಇಲ್ಲಿ ಕಲ್ಚರ್ ಅಂದರೆ ಸಂಸ್ಕೃತಿ ಅಲ್ಲ, ಬೆಳೆಸುವುದು. ಪೋಷಕಾಂಶ ಬೆರೆಸಿದ ಅಗರ್ ತಟ್ಟೆಗೆ ಮೂತ್ರದ ಸ್ಯಾಂಪಲ್ ಹಚ್ಚಿ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಬೆಳೆದು ಕಣ್ಣಿಗೆ ಕಾಣುತ್ತದೆ. ರಿಪೋರ್ಟಿಗೆ ಎರಡು-ಮೂರು ದಿನ ಬೇಕಾಗುವುದು ಇದಕ್ಕೇ.

ಬೆಳೆದ ಬ್ಯಾಕ್ಟೀರಿಯಾದ ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಹಾಕಿ ನೋಡುತ್ತಾರೆ. ಔಷಧಿಯ ಹೆಸರಿನ ಎದುರು ‘ಎಸ್’ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆ. ‘ಆರ್’ ಇದ್ದರೆ ಬಗ್ಗುವುದಿಲ್ಲ.

ಮೆಡಿಕಲ್‌ನಿಂದ ತಾವೇ ಆಂಟಿಬಯೋಟಿಕ್ ತಂದು ನುಂಗಿ, ಆಮೇಲೆ ಸ್ಯಾಂಪಲ್ ಕೊಟ್ಟರೆ ಸೋಂಕು ಇದ್ದರೂ ಏನೂ ಬೆಳೆಯದೆ ಹೋಗಬಹುದು. ಆಗ ಸರಿಯಾದ ಔಷಧಿ ಯಾವುದೆಂದು ತಿಳಿಯುವುದು ಕಷ್ಟ. ಈಗಾಗಲೇ ಮಾತ್ರೆ ತೆಗೆದುಕೊಂಡವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.