ಹಳೆಯ ಪತ್ರಿಕೆಗಳಲ್ಲಿ ಉಳಿದ ಊರಹಬ್ಬ

ಒಂದು ಊರಿಗೆ ಐವತ್ತು ವರ್ಷ ತುಂಬಿದಾಗ ಅಲ್ಲಿನ ಜನ ಏನನ್ನು ನೆನೆಯುತ್ತಾರೆ, ಏನನ್ನು ಮರೆಯುತ್ತಾರೆ? ಇದನ್ನು ತಿಳಿಯಬೇಕಾದರೆ ನೀವು ಆ ಊರಿನ ಹಳೆಯ ಪತ್ರಿಕೆಗಳನ್ನು ತಿರುವಿಹಾಕಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಹಾಲೆಂಡ್ ಪಟ್ಟಣ ಇದಕ್ಕೊಂದು ಒಳ್ಳೆಯ ನಿದರ್ಶನ.

1834ರಲ್ಲಿ ನೆದರ್ಲೆಂಡ್ಸ್‌ನ ಅಧಿಕೃತ ಚರ್ಚಿನಿಂದ ಒಂದು ಗುಂಪು ಹೊರಬಂದಿತು. ಈ ಜನಕ್ಕೆ ಸರ್ಕಾರದ ಕಿರುಕುಳ ತಪ್ಪಲಿಲ್ಲ. ಸಾಲದ್ದಕ್ಕೆ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಇವರಲ್ಲಿ ಕೆಲವರು ಪಾದ್ರಿ ಆಲ್ಬರ್ಟಸ್ ವಾನ್ ರಾಲ್ಟೆಯವರ ಮುಂದಾಳುತನದಲ್ಲಿ ಅಮೆರಿಕಕ್ಕೆ ಹೊರಟು, 1847ರ ಫೆಬ್ರವರಿಯಲ್ಲಿ ಮಿಷಿಗನ್ ಸರೋವರದ ಬಳಿಯ ದಟ್ಟ ಕಾಡಿನಲ್ಲಿ ಬೀಡುಬಿಟ್ಟರು. 1871ರ ಅಕ್ಟೋಬರಿನಲ್ಲಿ, ಶಿಕಾಗೋ ಹೊತ್ತಿ ಉರಿದ ಅದೇ ರಾತ್ರಿ, ಇವರ ಪಟ್ಟಣದ ಬಹುಭಾಗವೂ ಸುಟ್ಟು ಬೂದಿಯಾಯಿತು. ಹಾಗಾಗಿ 1897ರ ಸುವರ್ಣ ಮಹೋತ್ಸವವು ಎರಡು ಬಾರಿ ಕಟ್ಟಿದ ಊರಿನ ಹಬ್ಬವಾಗಿತ್ತು.

ಅಲ್ಲಿ 1850ರಲ್ಲೇ ಡಚ್ ಭಾಷೆಯ ‘ದೆ ಹಾಲಂಡರ್’ ಹೊರಟಿತ್ತು. ‘ಸಂವಿಧಾನ’ ಎಂಬ ಅರ್ಥದ ‘ದೆ ಗ್ರೊಂಡ್‌ವೆಟ್’ ಆಮೇಲೆ ಬಂತು. ಇಂಗ್ಲಿಷಿನ ‘ಹಾಲೆಂಡ್ ಸಿಟಿ ನ್ಯೂಸ್’ ಬೆಂಕಿಯ ಮರುವರ್ಷ ಆರಂಭವಾಗಿ 1977ರವರೆಗೆ ನಡೆಯಿತು. ಸ್ಮರಣ ಸಂಚಿಕೆ ಹಬ್ಬ ಮುಗಿದ ಮೇಲೆ ಸೋಸಿ ಬರೆದದ್ದು. ಊರಿನ ವಾರಪತ್ರಿಕೆ ಹಾಗಲ್ಲ. ಅದರಲ್ಲಿ ಸಿದ್ಧತೆಯ ಸುದ್ದಿಯೂ ಅಂಗಡಿಯ ಜಾಹೀರಾತೂ ಒಂದೇ ಪುಟದಲ್ಲಿ ಸಿಗುತ್ತವೆ.

ಆದರೆ ಪತ್ರಿಕೆಯ ಕಾಗದಕ್ಕೆ ಆಯುಷ್ಯ ಕಡಿಮೆ. ಅದು ಮರವನ್ನು ಅರೆದು ಮಾಡಿದ ಕಾಗದ. ಮರದಲ್ಲಿನ ಲಿಗ್ನಿನ್ ಬೆಳಕು ಮತ್ತು ಆಮ್ಲಜನಕ ತಾಗಿ ಹಳದಿಯಾಗುತ್ತದೆ. ಆಮ್ಲವು ಸೆಲ್ಯುಲೋಸ್ ಎಳೆಗಳನ್ನು ತುಂಡರಿಸುವುದರಿಂದ ಪುಟ ಮಡಿಸಿದರೆ ಮುರಿಯುತ್ತದೆ. ಇದಕ್ಕೆ ಮೊದಲು ಮೈಕ್ರೋಫಿಲ್ಮ್, ಈಗ ಗಣಕ ಪರಿಹಾರವಾಗಿದೆ. ಅಲ್ಲಿನ ಹೋಪ್ ಕಾಲೇಜು ‘ಹಾಲೆಂಡ್ ಸಿಟಿ ನ್ಯೂಸ್’ ಸಂಚಿಕೆಗಳನ್ನು ಗಣಕಕ್ಕೆ ಏರಿಸಿ ಎಲ್ಲರಿಗೂ ತೆರೆದಿಟ್ಟಿದೆ. ಮಸುಕಾದ ಅಚ್ಚನ್ನು ಗಣಕ ತಪ್ಪಾಗಿ ಓದುವುದುಂಟು. ಆದ್ದರಿಂದ ಹೆಸರು ಹುಡುಕಿ ಸಿಗದಿದ್ದರೆ, ದಿನಾಂಕ ಹಿಡಿದು ಪುಟ ಪುಟವಾಗಿ ನೋಡುವುದೇ ಮೇಲು.

ಹೀಗೆ ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಚಿತ್ರ ಹೊಳೆಯುತ್ತದೆ. ಮರದ ಪಾದರಕ್ಷೆ, ಡಚ್ ಉಡುಪುಗಳಿಗೆ ಹೆಸರಾದ ಟ್ಯುಲಿಪ್ ಹಬ್ಬ ಶುರುವಾದದ್ದು 1929ರಲ್ಲಿ. ‘ದೆ ಗ್ರೊಂಡ್‌ವೆಟ್’ ನಿಂತದ್ದು 1938ರಲ್ಲಿ. ಭಾಷೆ ಮನೆಯಿಂದ ಮರೆಯಾಗುತ್ತಿದ್ದಾಗಲೇ ವೇಷ ಬೀದಿಗೆ ಬಂತು. 1947ರಲ್ಲಿ ಶತಮಾನೋತ್ಸವ ನಡೆಯುವ ಹೊತ್ತಿಗೆ ಊರಿನಲ್ಲಿ ಡಚ್ ಪತ್ರಿಕೆಯೇ ಇರಲಿಲ್ಲ.

ಇನ್ನೊಂದು ಮಾತು. 1847 ಆ ನೆಲದ ಮೊದಲ ವರ್ಷವಲ್ಲ. ಡಚ್ಚರು ಬಂದಾಗ ಅಲ್ಲಿ ಒಡಾವಾ ಎಂಬ ಮೂಲನಿವಾಸಿಗಳ ನೆಲೆಯಿತ್ತು, ಅವರ ನಡುವೆ ಒಂದು ಮಿಷನ್ ಕೂಡ ಇತ್ತು. ಎರಡೇ ವರ್ಷಗಳಲ್ಲಿ, 1849ರಲ್ಲಿ, ಅವರು ಉತ್ತರಕ್ಕೆ ವಲಸೆ ಹೋದರು. ಪತ್ರಿಕೆಯ ಪುಟದಲ್ಲಿ ಮೆರವಣಿಗೆಯ ವರದಿ ಓದುವಾಗ, ಅದರಲ್ಲಿ ಯಾರಿದ್ದರು ಎಂಬುದರ ಜೊತೆಗೆ ಯಾರಿರಲಿಲ್ಲ ಎಂದೂ ನೀವು ಕೇಳಿಕೊಳ್ಳಬೇಕು.